ನೀಲಿ ತಿಮಿಂಗಿಲದ ಕೂಗು ನನಗೇಕೆ ಕೇಳಿಸಲಿಲ್ಲ?

ಹೊನ್ನಾವರದ ಹಡಗಿನವನು:
ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಶ್ರೀಲಂಕಾದ ದಕ್ಷಿಣ ತುದಿ, ದೊಂಡ್ರಾ ಹೆಡ್ ದಾಟುವಾಗ ಪಾಳಿ ಮುಗಿಸಿ ಡೆಕ್ಕಿಗೆ ಬಂದರೆ ಒಮ್ಮೊಮ್ಮೆ ನೀಲಿ ತಿಮಿಂಗಿಲ ಕಾಣುತ್ತದೆ. ಮೊದಲು ಎಳೆ ತೆಂಗಿನ ಮರದಷ್ಟು ಎತ್ತರಕ್ಕೆ ಚಿಮ್ಮುವ ಉಸಿರು, ಆಮೇಲೆ ಮುಗಿಯುವುದೇ ಇಲ್ಲವೇನೋ ಎನ್ನುವಂತಹ ಬೆನ್ನು. ಮಗಳ ಪುಸ್ತಕದಲ್ಲಿ ‘ಇದರ ಕೂಗು 188 ಡೆಸಿಬೆಲ್, ಜೆಟ್ ವಿಮಾನಕ್ಕಿಂತ ಜೋರು’ ಎಂದಿದೆ. ‘ಅಪ್ಪಾ, ನಿನಗೆ ಹೇಗೆ ಕೇಳಿಸಲಿಲ್ಲ?’ ಎನ್ನುತ್ತಾಳೆ. ಏನು ಹೇಳಲಿ?

ಕಡಲ ಕಾಗೆ:
ಎಂಜಿನ್ ರೂಮಿನಲ್ಲಿ ಹನ್ನೊಂದು ವರ್ಷ ಎಂದಿರಲ್ಲ, ಮೊದಲು ಕಿವಿ ತೋರಿಸಿಕೊಳ್ಳಿ ಸ್ವಾಮಿ.

ನಿವೃತ್ತ ಮೇಷ್ಟ್ರು:
ಕಿವಿಯ ತಪ್ಪಲ್ಲ. ಆ 188ನ್ನು ಜೆಟ್ ವಿಮಾನದ ಪಕ್ಕ ನಿಲ್ಲಿಸಿದವರನ್ನು ಬೆಂಚಿನ ಮೇಲೆ ನಿಲ್ಲಿಸಬೇಕು. ನೀರಿನ ಡೆಸಿಬೆಲ್ಲಿನ ಅಳತೆಗೋಲೇ ಬೇರೆ. ಗಾಳಿಯ ಲೆಕ್ಕಕ್ಕೆ ತರಲು ಸುಮಾರು 62 ಕಳೆಯಬೇಕು. ಉಳಿಯುವುದು 126. ಜೋರೇ, ಆದರೆ ಜೆಟ್ ಅಲ್ಲ.

ಜೊತೆಗೆ ಆ ಕೂಗು ಹೆಚ್ಚಾಗಿ 10ರಿಂದ 40 ಹರ್ಟ್ಸ್ ನಡುವಿನದು, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ನಮ್ಮ ಕಿವಿ ಶುರುವಾಗುವುದೇ 20ರ ಆಸುಪಾಸಿನಲ್ಲಿ. ಇನ್ನು ನೀರಿನ ಮೇಲ್ಮೈ ಶಬ್ದವನ್ನು ಹೊರಗೆ ಬಿಡುವುದೇ ಇಲ್ಲವೆನ್ನಬಹುದು. ಚಿಕ್ಕಂದಿನಲ್ಲಿ ಬಾವಿಯಲ್ಲಿ ಮುಳುಗಿ ಎರಡು ಕಲ್ಲು ಬಡಿದಿಲ್ಲವೇ? ಮುಳುಗಿದ್ದವನ ತಲೆಯೊಳಗೇ ಬಡಿದಂತಿರುತ್ತಿತ್ತು. ಕಟ್ಟೆಯ ಮೇಲೆ ಕುಳಿತವನಿಗೆ ಏನೂ ಇಲ್ಲ. ನೀವು ಕಟ್ಟೆಯ ಮೇಲಿದ್ದಿರಿ.

ನಿಮ್ಮ ಪ್ರೊಪೆಲರ್ ನಿಮಿಷಕ್ಕೆ ಎಷ್ಟು ಸುತ್ತು? ಎಷ್ಟು ರೆಕ್ಕೆ?

ಹೊನ್ನಾವರದ ಹಡಗಿನವನು:
96 ಸುತ್ತು, ಐದು ರೆಕ್ಕೆ. ಏಕೆ ಕೇಳಿದಿರೆಂದು ಲೆಕ್ಕ ಹಾಕಿದ ಮೇಲೆ ತಿಳಿಯಿತು ಮೇಷ್ಟ್ರೇ. ಸೆಕೆಂಡಿಗೆ 8 ಬಡಿತ; ಅದರ ಗುಣಕಗಳು 16, 24, 32. ಈ ಗುಣಕಗಳೆಲ್ಲ ತಿಮಿಂಗಿಲದ ಕೂಗಿನ ಜಾಗದಲ್ಲೇ.

ನಿವೃತ್ತ ಮೇಷ್ಟ್ರು:
ಅದೇ. ಹಡಗಿನ ಸದ್ದಿನಲ್ಲಿ ಆ ಕೂಗು ಮುಳುಗಿಹೋಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ತಗ್ಗಿ, ನೀರಿನ ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿನ ‘ರೈಟ್’ ಎಂಬ ಜಾತಿಯ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನೂ ಇಳಿದಿತ್ತು. ಹಡಗಿನ ಗದ್ದಲದಲ್ಲಿ ದೊಡ್ಡ ಪಾಲು ರೆಕ್ಕೆಯ ಬಳಿ ಹುಟ್ಟಿ ಒಡೆಯುವ ಗುಳ್ಳೆಗಳದ್ದು. ವೇಗ ತಗ್ಗಿಸಿದರೆ ಸಾಮಾನ್ಯವಾಗಿ ಅದೂ ತಗ್ಗುತ್ತದೆ.

ಹೊನ್ನಾವರದ ಹಡಗಿನವನು:
ಆ ಗುಳ್ಳೆಗಳು ಕೊರೆದ ಗುಳಿಗಳನ್ನು ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಡ್ರೈ ಡಾಕಿನಲ್ಲಿ ಮುಟ್ಟಿ ನೋಡಿದ್ದೇನೆ, ಕಂಚಿನ ಮೇಲೆ ಸಿಡುಬಿನ ಕಲೆಯ ಹಾಗಿರುತ್ತವೆ. ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ ಎಂದಷ್ಟೇ ಆಗ ಯೋಚಿಸಿದ್ದೆ.