ಹಟ್ಟಿಗೆ ತ್ರೀ ಫೇಸ್

“16 ಆಂಪಿಯರಿನ ಪ್ಲಗ್ಗು ಒಂಬತ್ತು ಸಾಕಾ ಮಾಷ್ಟ್ರೇ?” ಕೇಶವ ದನದ ಹಟ್ಟಿಯಲ್ಲಿ ಮಾಡುವ ವರ್ಕ್‌ಶಾಪಿನ ನಕ್ಷೆ ಬಿಡಿಸಿದ.

“ಮಿಷನ್ ಎಷ್ಟಿದೆ?”

“ಸದ್ಯಕ್ಕೆ ಒಂದು ಡ್ರಿಲ್ಲು. ತ್ರೀ ಫೇಸ್ ತೆಗೆದುಕೊಳ್ಳುವ ಅಂತ.”

“ಡ್ರಿಲ್ಲಿಗಾ?”

“ಅದೂ ನನ್ನದು,” ಎಂದ ಗೋಪಾಲ ಮೂಲೆಯಿಂದ.

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಈಗ ಇದೇ ಜ್ವರ. ದನ ಮಾರುವುದು, ಹಟ್ಟಿ ತೊಳೆಯುವುದು, ವರ್ಕ್‌ಶಾಪ್ ಎನ್ನುವುದು.

“ಅಮೆರಿಕದವನ ವಿಡಿಯೋ ನೋಡಿದೆ. ಮನೆಗೆಲ್ಲ 120 ವೋಲ್ಟು, ದೊಡ್ಡ ಮಿಷನಿಗೆ ಬೇರೆಯೇ 240.”

“ಮಾರಾಯ, ನಿನ್ನ ಅಮ್ಮನ ಮಿಕ್ಸಿಗೇ 230 ಬರ್ತದೆ. ಬೇಸಿಗೆಯಲ್ಲಿ ಊರಿಡೀ ಪಂಪು ಬಿಟ್ಟಾಗ ಅವನ 120 ಸಹ ಸಿಗ್ತದೆ.”

ವಯರ್‌ಮ್ಯಾನ್ ಬಾಬು ನಗಲಿಲ್ಲ. “ಮೀಟರಿನಿಂದ ಹಟ್ಟಿಗೆ 60 ಮೀಟರ್ ಉಂಟು. ಎರಡು ಎಚ್‌ಪಿ ಮೋಟಾರು ಅಂದರೆ ಸುಮಾರು 1500 ವಾಟ್. ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟು ಎಳೀತದೆ. ಸಪೂರ ವಯರಾದರೆ ವೋಲ್ಟೇಜು ದಾರಿಯಲ್ಲೇ ಮುಗೀತದೆ. ಆರು ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವಯರು ಎಳೆಯಿರಿ. ಹಟ್ಟಿಯಲ್ಲೇ ಒಂದು ಬೋರ್ಡು, ಕರೆಂಟು ಸೋರಿದರೆ ಲೈನು ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಬಲ್ಬಿಗೆ ಬೇರೆ ಲೈನು. ಗರಗಸ ಟ್ರಿಪ್ಪಾದಾಗ ಕತ್ತಲಾಗಬಾರದು.”

“ಸ್ವಿಚ್ಚೆಲ್ಲ ಫೋನಿನಲ್ಲೇ ಇರಲಿ,” ಎಂದ ಕೇಶವ.

“ಹಟ್ಟಿಗೆ ವೈಫೈ ಸಿಗ್ತದಾ?” ಮಾಷ್ಟ್ರು ವಿಚಾರಿಸಿದರು.

“ಜಗಲಿಯಲ್ಲಿ ನಿಂತರೆ ಸಿಗ್ತದೆ.”

“ಒಳ್ಳೆಯದಾಯ್ತು. ಗರಗಸಕ್ಕೆ ಅಂಗಿ ಸಿಕ್ಕಿದರೆ ಜಗಲಿಗೆ ಓಡಿ ಬಂದು ಆಫ್ ಮಾಡು.”

ಅರ್ತಿಂಗಿನ ಮಾತು ಬಂತು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತು ಸರಿ ಹಿಡಿಯುವುದಿಲ್ಲ. ಇದ್ದಲು, ಉಪ್ಪು ಹಾಕಿ ಆಗಾಗ ನೀರು ಬಿಡಬೇಕು.

“ಗೊಬ್ಬರದ ಗುಂಡಿಯ ಹತ್ತಿರ ಹಾಕುವ. ಅಲ್ಲಿ ಯಾವಾಗಲೂ ಪಸೆ ಇರ್ತದೆ,” ಎಂದ ಗೋಪಾಲ.

“ಈಗೆಲ್ಲಿಯ ಪಸೆ?” ಎಂದರು ಮಾಷ್ಟ್ರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೌರಿ, ಅವಳ ಎರಡು ಕರು ಕಟ್ಟಿದ್ದ ಕಂಬಕ್ಕೆ ಬಾಬು ಚಾಕ್‌ಪೀಸಿನಲ್ಲಿ ‘ವೆಲ್ಡಿಂಗ್’ ಎಂದು ಬರೆದಿದ್ದ.

“ಇದೇ ಹಟ್ಟಿಯ ಬಾಗಿಲಲ್ಲಿ ಕೂತು ಆಚಾರಿ ನೇಗಿಲು ಮಾಡ್ತಿದ್ದ. ಒಂದು ಉಳಿ, ಒಂದು ಬಾಚಿ. ಮಧ್ಯಾಹ್ನ ಗಂಜಿ ಬಡಿಸಿದರೆ ಆಯ್ತು, ಟ್ರಿಪ್ಪಾಗ್ತಿರಲಿಲ್ಲ,” ಎಂದರು ಮಾಷ್ಟ್ರು.

“ಅವನ ಮಗ?”

“ಅಬುಧಾಬಿಯಲ್ಲಿ ಎ.ಸಿ. ರಿಪೇರಿ.”

ಬಾಬು ಟೇಪು ಮಡಚಿದ. ಮಾಷ್ಟ್ರು ಎದ್ದು ವೇಷ್ಟಿ ಕೊಡವಿದರು. “ಇರಲಿ ಕೇಶವ, ಎಲ್ಲ ಆದ ಮೇಲೆ ಮೊದಲು ಅಮ್ಮನಿಗೊಂದು ಮಣೆ ಮಾಡಿಕೊಡು. ಎಷ್ಟು ಸಮಯದಿಂದ ಕೇಳ್ತಿದ್ದಾರೆ.”

“ಮಣೆಯಾ?” ಕೇಶವನ ಮುಖ ಸಣ್ಣದಾಯಿತು. “ಅದಕ್ಕೆ ಕರೆಂಟೇ ಬೇಡವಲ್ಲ ಮಾಷ್ಟ್ರೇ!”