ಮಗಳಿಗೆ ಸೀಲಿಯಾಕ್, ಮನೆಯಲ್ಲಿ ಉಳಿದವರಿಗೆ ಚಪಾತಿ ಬೇಕು: ಒಂದೇ ಅಡುಗೆಮನೆಯಲ್ಲಿ ಹೇಗೆ ನಿಭಾಯಿಸೋದು?

ವಿಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 8 ವರ್ಷ. ರಕ್ತದಲ್ಲಿ ಟಿಟಿಜಿ (ಸೀಲಿಯಾಕ್ ಇದ್ದಾಗ ಏರೋ ಪ್ರತಿಕಾಯ) ಜಾಸ್ತಿ ಬಂತು, ಕರುಳಿನ ಚೂರು ತೆಗೆದು ನೋಡೋ ಬಯಾಪ್ಸಿಯಲ್ಲೂ ಸೀಲಿಯಾಕ್, ಅಂದ್ರೆ ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್‌ನಿಂದ ಕರುಳಿಗೆ ಹಾನಿಯಾಗೋ ಕಾಯಿಲೆ, ಅಂತ ಖಚಿತ ಆಯ್ತು. ಗೋಧಿ, ಮೈದಾ, ರವೆ, ಬಾರ್ಲಿ ಜೀವನಪೂರ್ತಿ ಬೇಡ ಅಂದಿದ್ದಾರೆ ಡಾಕ್ಟರ್. ನಮ್ಮದು ಅನ್ನ, ಮುದ್ದೆ ತಿನ್ನೋ ಮನೆಯೇ. ಆದರೆ ಅತ್ತೆಗೆ ಶುಗರ್ ಇರೋದ್ರಿಂದ ರಾತ್ರಿ ಚಪಾತಿ ಆಗಲೇಬೇಕು. ಅಡುಗೆಮನೆ ಚಿಕ್ಕದು, ಕಟ್ಟೆ ಒಂದೇ. ತವಾ, ಲಟ್ಟಣಿಗೆ ಬೇರೆ ಇಡಬೇಕಾ, ತೊಳೆದ್ರೆ ಸಾಕಾ? ರಾಗಿ ಹಿಟ್ಟನ್ನ ಬೀದಿ ಗಿರಣಿಯಲ್ಲಿ ಮಾಡಿಸ್ತೀವಿ, ಅದು ಸರೀನಾ? 4 ವರ್ಷದ ಮಗನಿಗೂ ಈಗಲೇ ಗೋಧಿ ನಿಲ್ಲಿಸಬೇಕಾ? "ಒಂದು ಚೂರು ತಿಂದ್ರೆ ಏನೂ ಆಗಲ್ಲ, ಮಗು ಆಸೆ ಪಡ್ತಿದೆ" ಅಂತಾರೆ ಅತ್ತೆ. ಅವರಿಗೆ ಹೇಗೆ ಹೇಳೋದು?

ಪಥ್ಯದ ಅಡುಗೆ

ಮೊದಲು ಮಗನ ವಿಷಯ, ಯಾಕಂದ್ರೆ ಅಲ್ಲಿ ಅವಸರ ಮಾಡಿದ್ರೆ ಪರೀಕ್ಷೆಯೇ ಕೆಡುತ್ತೆ. ಅವನಿಗೆ ಗೋಧಿ ನಿಲ್ಲಿಸಬೇಡಿ. ಸೀಲಿಯಾಕ್ ಇರೋರ ಅಣ್ಣತಮ್ಮ, ಅಕ್ಕತಂಗಿ, ಅಪ್ಪ ಅಮ್ಮಂದಿರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೇ ತೊಂದರೆ ಇರುತ್ತೆ. ಹಾಗಾಗಿ ಮಗನಿಗೆ, ನಿಮಗೆ, ನಿಮ್ಮ ಯಜಮಾನರಿಗೆ ಟಿಟಿಜಿ-ಐಜಿಎ ರಕ್ತಪರೀಕ್ಷೆ ಮಾಡಿಸಿ. ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿರೋ ಒಂದು ಬಗೆಯ ಪ್ರತಿಕಾಯ) ಪರೀಕ್ಷೆಯನ್ನೂ ಕೇಳಿ ಬರೆಸಿಕೊಳ್ಳಿ. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತೆ, ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ ನೆಗೆಟಿವ್ ಬರುತ್ತೆ. ಗೋಧಿ ಬಿಟ್ಟು ಕೆಲವು ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೂ ಅಷ್ಟೇ, ನೆಗೆಟಿವ್ ಅಂದಿದ್ದನ್ನ ನಂಬೋ ಹಾಗಿರಲ್ಲ.

ಈಗ "ಒಂದು ಚೂರು" ವಿಷಯ. ಅತ್ತೆಗೆ ಲೆಕ್ಕದಲ್ಲೇ ತೋರಿಸಿ. ಒಂದು ಗ್ರಾಂ ಗೋಧಿ ಹಿಟ್ಟಲ್ಲಿ ಸುಮಾರು 80ರಿಂದ 100 ಮಿಲಿಗ್ರಾಂ ಗ್ಲುಟೆನ್. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತೆ. ದಿನಾ 50 ಮಿಲಿಗ್ರಾಂ ಹೋಗ್ತಿದ್ರೆ ಮೂರು ತಿಂಗಳಲ್ಲಿ ಬಯಾಪ್ಸಿಯಲ್ಲಿ ಹಾನಿ ಕಾಣುತ್ತೆ. ಒಂದು ಚಪಾತಿಗೆ 25-30 ಗ್ರಾಂ ಹಿಟ್ಟು ಅಂದುಕೊಳ್ಳಿ. ಅದರ ಐವತ್ತರಲ್ಲಿ ಒಂದು ಪಾಲೇ ಆ 50 ಮಿಲಿಗ್ರಾಂ, ಅಂದ್ರೆ ಉಗುರಿನಷ್ಟು ತುಂಡು. ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲಿನ ನೂಲಿನ ಹಾಗೆ ಎದ್ದು ನಿಂತಿರೋ ವಿಲ್ಲೈಗಳೇ ಆಹಾರದ ಸಾರ ಹೀರೋದು. ಗ್ಲುಟೆನ್ ಹೋದಾಗ ದೇಹ ತನ್ನ ಮೇಲೇ ತಿರುಗಿ ಅವು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ ಹಿಡಿಯದೆ ಮಗು ಬೆಳೆಯೋದೇ ನಿಲ್ಲುತ್ತೆ. ಮುಖ್ಯವಾದ ಮಾತು ಏನಂದ್ರೆ, ಚೂರು ತಿಂದ ದಿನ ಹೊಟ್ಟೆನೋವು ಬರಲೇಬೇಕು ಅಂತಿಲ್ಲ. ಮಗು ಆಡಿಕೊಂಡೇ ಇರುತ್ತೆ, ಒಳಗೆ ಹಾನಿ ನಡೀತಿರುತ್ತೆ. "ತಿಂದ್ಲು, ಏನೂ ಆಗ್ಲಿಲ್ಲವಲ್ಲ" ಅನ್ನೋ ಮಾತು ಹುಟ್ಟೋದು ಇಲ್ಲಿಂದ.

ಪಾತ್ರೆ: ಸ್ಟೀಲು, ಗಾಜು ಚೆನ್ನಾಗಿ ತಿಕ್ಕಿ ತೊಳೆದ್ರೆ ಸಾಕು. ಕಬ್ಬಿಣದ ಕಾವಲಿ, ಗೀರು ಬಿದ್ದ ನಾನ್‌ಸ್ಟಿಕ್, ಮರದ ಸೌಟು, ಚಪಾತಿ ಮಣೆ, ಲಟ್ಟಣಿಗೆ, ಜರಡಿ, ಪಾತ್ರೆ ತಿಕ್ಕೋ ನಾರು, ಇವು ಅವಳಿಗೆ ಹೊಸದಾಗಿ ಬೇರೆಯೇ ಇರಬೇಕು. ಜರಡಿಯ ಕಣ್ಣಲ್ಲಿ ಸೇರಿದ ಹಿಟ್ಟು ಎಷ್ಟು ತೊಳೆದರೂ ಹೋಗಲ್ಲ. ದೋಸೆ ಹಿಟ್ಟಿನ ಗ್ರೈಂಡರ್‌ನಲ್ಲಿ ಅಕ್ಕಿ, ಉದ್ದು ಬಿಟ್ಟು ಬೇರೇನೂ ರುಬ್ಬಿಲ್ಲ ಅಂದ್ರೆ ಅದೇ ಇರಲಿ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರೀಬೇಡಿ. ಬೆಣ್ಣೆ, ತುಪ್ಪ, ಜ್ಯಾಮ್, ಉಪ್ಪಿನಕಾಯಿ ಅವಳಿಗೆ ಬೇರೆ ಡಬ್ಬಿ. ಚಪಾತಿ ಮುಟ್ಟಿದ ಚಮಚ ಮತ್ತೆ ಡಬ್ಬಿಗೆ ಹೋಗೋದು ಯಾರ ಗಮನಕ್ಕೂ ಬರಲ್ಲ.

ಒಣ ಹಿಟ್ಟು ಉದುರಿಸಿ ಲಟ್ಟಿಸುವಾಗ ಅದು ಗಾಳಿಯಲ್ಲಿ ಹಾರಿ ಸುತ್ತಲಿನ ಪಾತ್ರೆಗಳ ಮೇಲೆ ಕೂರುತ್ತೆ. ಆದ್ದರಿಂದ ಕ್ರಮ ಮುಖ್ಯ: ಮೊದಲು ಮಗಳ ಅಡುಗೆ ಮುಗಿಸಿ, ಮುಚ್ಚಿ ಎತ್ತಿಡಿ. ಆಮೇಲೆ ಚಪಾತಿ. ಕಟ್ಟೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಆಗಲೇ ಒಗೆಯೋಕೆ ಹಾಕಿ. ಸಾಧ್ಯವಾದರೆ ಹಿಟ್ಟು ಕಲಸೋದು, ಲಟ್ಟಿಸೋದು ಊಟದ ಮೇಜಿನ ಮೇಲೆ ಅಥವಾ ಯುಟಿಲಿಟಿಯಲ್ಲಿ ಆಗಲಿ.

ಹಿಟ್ಟು ಜರಡಿ

ಬೀದಿ ಗಿರಣಿ ಬೇಡ. ಇದರಲ್ಲಿ ರಾಜಿ ಇಲ್ಲ. ಬೀಸೋ ಕಲ್ಲುಗಳ ಸಂದಿಯಲ್ಲಿ, ಕೊಳವೆಯಲ್ಲಿ, ಹಿಟ್ಟು ಬೀಳೋ ಬಟ್ಟೆ ಚೀಲದಲ್ಲಿ ಹಿಂದಿನವರ ಗೋಧಿ ಹಿಟ್ಟು ಉಳಿದಿರುತ್ತೆ. ಬೇರೆ ಯಂತ್ರದಲ್ಲಿ ಹಾಕಿ ಕೊಡ್ತೀನಿ ಅಂದರೂ ಅದೇ ಕೋಣೆಯ ಧೂಳು, ಅದೇ ಬುಟ್ಟಿ, ಅದೇ ಕುಂಚ. ಸಾರಿನ ಪುಡಿ, ಖಾರದ ಪುಡಿಯನ್ನೂ ಅಲ್ಲಿ ಮಾಡಿಸದೆ ಮಿಕ್ಸಿಯಲ್ಲೇ ಮಾಡ್ಕೊಳ್ಳಿ.

ಅಕ್ಕಿ ಹಿಟ್ಟು ಮನೆಯಲ್ಲಿ ಸುಲಭ. ತೊಳೆದು 2-3 ಗಂಟೆ ನೆನೆಸಿ, ನೀರು ಬಸಿದು, ಬಟ್ಟೆ ಮೇಲೆ ನೆರಳಲ್ಲಿ ಹರಡಿ. ಕೈಗೆ ಅಂಟದಷ್ಟು ಆರಿದಾಗ, ಇನ್ನೂ ತಣಸು ಇರುವಾಗಲೇ ಮಿಕ್ಸಿಗೆ ಹಾಕಿ ಪುಡಿ ಮಾಡಿ ಜರಡಿ ಹಿಡೀರಿ. ತಣಸು ಇರೋದ್ರಿಂದ ಇದು ಕೆಲವು ದಿನದ ಬಳಕೆಗೆ ಮಾತ್ರ, ಫ್ರಿಜ್‌ನಲ್ಲಿ ಇಡಿ. ಹೆಚ್ಚು ದಿನ ಬೇಕಾದರೆ ಬಾಣಲೆಯಲ್ಲಿ ಬಿಸಿ ಮಾಡಿ ತೇವ ಆರಿಸಿ. ರಾಗಿ ಮಿಕ್ಸಿಗೆ ಬಗ್ಗಲ್ಲ. ಜಾರ್ ಬಿಸಿಯಾಗುತ್ತೆ, ಹಿಟ್ಟು ತರಿಯಾಗಿ ಮುದ್ದೆ ಗಂಟಾಗುತ್ತೆ. ರಾಗಿ ದೋಸೆ, ರಾಗಿ ಮಣ್ಣಿಗೆ ನೆನೆಸಿ ರುಬ್ಬಿದರೆ ನಡೆಯುತ್ತೆ. ಮುದ್ದೆಗೆ ಮಾತ್ರ ಒಣ ಹಿಟ್ಟೇ ಬೇಕು. ಅದಕ್ಕೆ ಎರಡು ದಾರಿ: ಗ್ಲುಟೆನ್ ಮುಕ್ತ ಅಂತ ಅಚ್ಚಾಗಿರೋ ಪ್ಯಾಕೆಟ್, ಇಲ್ಲಾಂದ್ರೆ ಮನೆಗೆ ಒಂದು ಚಿಕ್ಕ ವಿದ್ಯುತ್ ಗಿರಣಿ. ಗಿರಣಿ ತಂದರೆ ಒಂದೇ ಒಂದು ಸಲವೂ ಅದಕ್ಕೆ ಗೋಧಿ ಹಾಕಬಾರದು.

ಕಾಳಲ್ಲೂ ಬೆರಕೆ ಇರುತ್ತೆ. ರಾಗಿ ಸಣ್ಣದು, ಆದ್ದರಿಂದ ಜರಡಿಯಲ್ಲಿ ರಾಗಿ ಕೆಳಗಿಳಿದು ಗೋಧಿ ಕಾಳು ಮೇಲೇ ಉಳಿಯುತ್ತೆ. ಜೋಳದಲ್ಲಿ ಈ ಉಪಾಯ ನಡೆಯಲ್ಲ. ಉತ್ತರ ಕರ್ನಾಟಕದಲ್ಲಿ ಬಿಳಿಜೋಳ, ಗೋಧಿ ಎರಡೂ ಹಿಂಗಾರಿ ಬೆಳೆ. ಹೊಲದಲ್ಲಿ, ಕಣದಲ್ಲಿ, ಚೀಲದಲ್ಲಿ ಸೇರಿಕೊಳ್ಳುತ್ತವೆ, ಗಾತ್ರದಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ. ಬಿಳಿ ತಟ್ಟೆ ಮೇಲೆ ಹಿಡಿಹಿಡಿ ಹರಡಿ ಆರಿಸಬೇಕು. ಗೋಧಿ ಉದ್ದವಾಗಿ, ಮಧ್ಯೆ ಗೆರೆ ಇರುತ್ತೆ, ಜೋಳ ಗುಂಡಗಿರುತ್ತೆ. ಆರಿಸಿದ ಮೇಲೆ ತೊಳೆದು ಒಣಗಿಸಿ. ಅಂಗಡಿಯಲ್ಲಿ ತೆರೆದ ಮೂಟೆಯಿಂದ ಅಳೆದು ಕೊಡೋದು ಬೇಡ, ಎಲ್ಲಕ್ಕೂ ಒಂದೇ ಅಳತೆ ಡಬ್ಬಿ ಹಾಕ್ತಾರೆ.

ಇನ್ನು ನೀವು ಕೇಳದೇ ಇದ್ದಿದ್ದು, ಆದರೆ ನಮ್ಮ ಅಡುಗೆಯಲ್ಲಿ ಎಲ್ಲಕ್ಕಿಂತ ದೊಡ್ಡದು: ಇಂಗು. ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಗೋಂದು, ಜೊತೆಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿದ್ದೇ ಹೆಚ್ಚು. ಸಾರು, ಹುಳಿ, ಕೋಸಂಬರಿ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಬಿಸಿಬೇಳೆಭಾತ್ ಪುಡಿ, ಎಲ್ಲದರಲ್ಲೂ ಇದೆ. ಗೋಧಿ ಪೂರ್ತಿ ಬಿಟ್ಟರೂ ಟಿಟಿಜಿ ಇಳಿಯದಿದ್ದರೆ ನಮ್ಮ ಕಡೆ ಮನೆಗಳಲ್ಲಿ ಮೊದಲು ಇದನ್ನೇ ಹುಡುಕಬೇಕು. "ಗಟ್ಟಿ ಇಂಗು" ಅಂತ ಕೊಡೋದರಲ್ಲೂ ಹಿಟ್ಟು ಇರಬಹುದು, ಗಟ್ಟಿ ಅಂದಮಾತ್ರಕ್ಕೆ ನಂಬಬೇಡಿ. ಅಕ್ಕಿ ಹಿಟ್ಟು ಹಾಕಿ ಗ್ಲುಟೆನ್ ಮುಕ್ತ ಅಂತಲೇ ಬರೆದಿರೋ ಇಂಗು ಸಿಗುತ್ತೆ. ಸಿಗದಿದ್ದ ದಿನ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಲೇಬಲ್: ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಗ್ಲುಟೆನ್ ಮುಕ್ತ ಅಂದ್ರೆ ಕಿಲೋಗೆ 20 ಮಿಲಿಗ್ರಾಂ ಒಳಗೆ. 20ರಿಂದ 100ರವರೆಗಿದ್ದರೆ ಅದು "ಕಡಿಮೆ ಗ್ಲುಟೆನ್", ಅದು ನಿಮ್ಮ ಮಗಳಿಗಲ್ಲ. ಗೋಧಿ, ಬಾರ್ಲಿ ಇದ್ದರೆ ಅಲರ್ಜಿ ಸೂಚನೆಯಲ್ಲಿ ಬರೆಯಲೇಬೇಕು ಅಂತ 2020ರ ಲೇಬಲಿಂಗ್ ನಿಯಮ ಹೇಳುತ್ತೆ. ಪದಾರ್ಥಗಳ ಪಟ್ಟಿಯ ಕೆಳಗಿನ ಆ ದಪ್ಪಕ್ಷರದ ಸಾಲನ್ನ ಪ್ರತಿ ಸಲ ಓದಿ, ಅದೇ ಬ್ರ್ಯಾಂಡ್ ಆದರೂ ಸರಿ. ಹಾಲಿಗೆ ಹಾಕೋ ಮಾಲ್ಟ್ ಪುಡಿಗಳು ಬಾರ್ಲಿಯಿಂದ ಆದವು. ಅಂಗಡಿಯ ರಾಗಿ ಮಾಲ್ಟ್‌ನಲ್ಲೂ ಎಷ್ಟೋ ಸಲ ಗೋಧಿ, ಬಾರ್ಲಿ ಸೇರಿಸಿರ್ತಾರೆ. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತೆ. ಓಟ್ಸ್ ಸದ್ಯಕ್ಕೆ ಬೇಡ. ಕರುಳು ಸುಧಾರಿಸಿದ ಮೇಲೆ ಡಾಕ್ಟರ್ ಕೇಳಿ, ಅದೂ ಗ್ಲುಟೆನ್ ಮುಕ್ತ ಅಂತ ಬರೆದಿದ್ದು ಮಾತ್ರ.

ಬಸವನಗುಡಿ ಬಾಣಸಿಗ

ಮೇಲಿನವರು ಹೇಳಿದ್ದು ಸರಿ, ಆದರೆ ಎರಡು ಸಾಲು ಪಾತ್ರೆ ಇಟ್ಟುಕೊಂಡು ದಿನಾ ಕಾವಲು ಕಾಯೋದು ಬಹಳ ದಿನ ನಡೆಯಲ್ಲ. ಮನೆಯಿಂದ ಗೋಧಿಯನ್ನೇ ತೆಗೆದುಬಿಡಿ ಅನ್ನೋದು ನನ್ನ ಅಭಿಪ್ರಾಯ. ಅತ್ತೆಗೆ ಜೋಳದ ರೊಟ್ಟಿ ಮಾಡಿ. ಒಂದು ಕಪ್ ಜೋಳದ ಹಿಟ್ಟಿಗೆ ಒಂದು ದೊಡ್ಡ ಚಮಚ ಇಸಬಗೋಲ್ ಹೊಟ್ಟು, ಉಪ್ಪು. ಮುಕ್ಕಾಲರಿಂದ ಒಂದು ಕಪ್ ಕುದಿಯೋ ನೀರು ಸ್ವಲ್ಪ ಸ್ವಲ್ಪವೇ ಹಾಕಿ ಚಮಚದಲ್ಲಿ ಕಲಸಿ, 10 ನಿಮಿಷ ಮುಚ್ಚಿಟ್ಟು, ಆಮೇಲೆ ಕೈಯಲ್ಲಿ ಚೆನ್ನಾಗಿ ನಾದಿ. ಇಸಬಗೋಲ್ ನೀರು ಹೀರಿ ಅಂಟು ಬರೋದ್ರಿಂದ ಬಡಿಯೋಕೆ ಬರದವರೂ ಲಟ್ಟಿಸಬಹುದು. ಅಂಚು ಬಿರಿದರೆ ನೀರು ಸಾಲದು ಅಥವಾ ಹಿಟ್ಟು ಆರಿಹೋಗಿದೆ ಅಂತ ಅರ್ಥ. ಒದ್ದೆ ಕೈಯಲ್ಲಿ ಮತ್ತೆ ನಾದಿ. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಒಡೆಯುತ್ತೆ. ಡಬ್ಬಿಗೆ ಕಟ್ಟೋದಾದರೆ ಬಿಸಿ ಇರುವಾಗಲೇ ತುಪ್ಪ ಸವರಿ ಬಟ್ಟೆಯಲ್ಲಿ ಸುತ್ತಿ, ಮಧ್ಯಾಹ್ನದವರೆಗೆ ಮೆತ್ತಗಿರುತ್ತೆ. ಹೊರಗಿನ ರೊಟ್ಟಿ ಅಂಗಡಿಯಿಂದ ತರೋದಾದರೆ ಅಲ್ಲಿ ಚಪಾತಿಯೂ ಮಾಡ್ತಾರಾ, ಹಿಟ್ಟಿಗೆ ಗೋಧಿ ಬೆರೆಸ್ತಾರಾ ಕೇಳಿ. ಸಾಮಾನ್ಯವಾಗಿ ಎರಡೂ ಒಂದೇ ಕಲ್ಲಿನ ಮೇಲೆ ಬೇಯುತ್ತವೆ.

ದರ್ಶಿನಿಗಳಲ್ಲಿ ದೋಸೆ ಅಕ್ಕಿಯದ್ದೇ, ಆದರೆ ಅದೇ ಕಲ್ಲಿನ ಮೇಲೆ ರವೆ ದೋಸೆ, ಅದೇ ಪೊರಕೆಯಲ್ಲಿ ಒರೆಸೋದು. ಇಡ್ಲಿ ಪಕ್ಕದಲ್ಲೇ ರವೆ ಇಡ್ಲಿ. ವಡೆಯ ಎಣ್ಣೆಯಲ್ಲಿ ಮೈದಾದ ಗೋಳಿಬಜೆ. ಸಾಂಬಾರಲ್ಲಿ, ಚಟ್ನಿ ಒಗ್ಗರಣೆಯಲ್ಲಿ ಇಂಗು. ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆಗೆ ಮೈದಾ ಅಥವಾ ಚಿರೋಟಿ ರವೆ ಬಿದ್ದೇ ಇರುತ್ತೆ. ಬೇಕರಿಗಂತೂ ಹೋಗಲೇಬೇಡಿ, ಅಲ್ಲಿ ಗಾಳಿಯಲ್ಲೇ ಮೈದಾ.

ವಿಜಯನಗರದ ಅಮ್ಮ

ಇಂಗಿನ ವಿಷಯ ಯಾರೂ ಹೇಳಿರಲಿಲ್ಲ, ಈಗ ಡಬ್ಬಿ ನೋಡಿದೆ, ಮೈದಾ ಅಂತಲೇ ಇದೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ, ಸಪಾದ ರವೆಯದ್ದೇ ಆಗಬೇಕಲ್ಲ? ಯುಗಾದಿಗೆ ಒಬ್ಬಟ್ಟು ಬಿಟ್ಟರೆ ಅವಳು ತುಂಬಾ ಬೇಜಾರು ಮಾಡ್ಕೋತಾಳೆ.

ಬಸವನಗುಡಿ ಬಾಣಸಿಗ

ಸಪಾದಕ್ಕೆ ಅಕ್ಕಿ ತರಿ ಹಾಕಿ, ಅಳತೆ ಅದೇ ಒಂದೂಕಾಲು. ಅಕ್ಕಿಯನ್ನ ಮೊದಲೇ ತೊಳೆದು ಒಣಗಿಸಿ ಮಿಕ್ಸಿಯಲ್ಲಿ ತರಿ ಮಾಡಿಟ್ಟುಕೊಳ್ಳಿ. ತುಪ್ಪದಲ್ಲಿ ಘಮ ಬರೋವರೆಗೆ ಹುರಿದು, ರವೆಗೆ ಹಾಕೋದಕ್ಕಿಂತ ಹಾಲು ಸ್ವಲ್ಪ ಹೆಚ್ಚು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ತರಿ ಪೂರ್ತಿ ಬೆಂದ ಮೇಲೆಯೇ ಸಕ್ಕರೆ, ಮೊದಲೇ ಹಾಕಿದರೆ ಅಕ್ಕಿ ಬಿರುಸಾಗಿ ಉಳಿಯುತ್ತೆ. ಬಂದವರಿಗೆಲ್ಲ ಅದನ್ನೇ ಕೊಡಿ. ಮಗಳಿಗೆ ಬೇರೆ, ಉಳಿದವರಿಗೆ ಬೇರೆ ಅಂತ ಆಗದಿದ್ದರೆ ಅವಳ ಮುಖ ಬಾಡಲ್ಲ.

ಒಬ್ಬಟ್ಟಿನ ಕಣಕಕ್ಕೆ ಒಂದೂಕಾಲು ಕಪ್ ನೀರು ಕುದಿಸಿ ಉಪ್ಪು, ಒಂದು ಚಮಚ ಎಣ್ಣೆ ಹಾಕಿ. ಒಂದು ಕಪ್ ನುಣ್ಣನೆ ಅಕ್ಕಿ ಹಿಟ್ಟಿಗೆ ಒಂದು ಚಿಕ್ಕ ಚಮಚ ಇಸಬಗೋಲ್ ಬೆರೆಸಿ ಅದಕ್ಕೆ ಸುರಿದು, ಕೆದಕಿ, ಉರಿ ಆರಿಸಿ 5 ನಿಮಿಷ ಮುಚ್ಚಿ. ಬಿಸಿ ಇರುವಾಗಲೇ ಎಣ್ಣೆ ಕೈಯಲ್ಲಿ ನಾದಿ. ಮೈದಾ ಕಣಕದ ಹಾಗೆ ಹಿಗ್ಗಲ್ಲ, ಆದ್ದರಿಂದ ಕಣಕ ಹೂರಣ ಸಮಸಮ ಇರಲಿ, ಹೂರಣ ಗಟ್ಟಿಯಾಗಿರಲಿ. ಬಾಳೆಎಲೆ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ಮಗುಚಿ, ಎಲೆ ಬಾಡಿದ ಮೇಲೆ ಬಿಡಿಸಿ. ಕೈಯಲ್ಲಿ ಎತ್ತಿ ಹಾಕೋಕೆ ಹೋದರೆ ಹರಿದುಹೋಗುತ್ತೆ.

ಜಯನಗರ 4ನೇ ಬ್ಲಾಕ್

ಈ ಮಾತುಕತೆಯಲ್ಲೇ ಕೇಳ್ತೀನಿ. ಚಪಾತಿ ತಿಂದ್ರೆ ಹೊಟ್ಟೆ ಉಬ್ಬರ, ಆದರೆ ಟಿಟಿಜಿ ನೆಗೆಟಿವ್. ಅಂಥವರೂ ಇಷ್ಟೆಲ್ಲ ಮಾಡಬೇಕಾ?

ಪಥ್ಯದ ಅಡುಗೆ

ಬೇಡ. ಮೊದಲು ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಿದೆಯಾ, ಒಟ್ಟು ಐಜಿಎ ಸರಿ ಇತ್ತಾ ಅಂತ ನೋಡಿ. ಎರಡೂ ಸರಿ ಇದ್ದು, ಗೋಧಿ ಅಲರ್ಜಿಯೂ ಅಲ್ಲ ಅಂತಾದರೆ, ಗ್ಲುಟೆನ್ ಸೂಕ್ಷ್ಮತೆ ಇರಬಹುದು, ಇಲ್ಲವೇ ಗೋಧಿಯಲ್ಲಿರೋ ಫ್ರಕ್ಟಾನ್ ಅನ್ನೋ ಸಕ್ಕರೆ ಅಂಶ ಜೀರ್ಣ ಆಗದೆ ಇರಬಹುದು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಫ್ರಕ್ಟಾನ್ ಇದೆ, ಅವೂ ಉಬ್ಬರ ಕೊಡ್ತಾವಾ ಗಮನಿಸಿ. ಇವೆರಡರಲ್ಲೂ ಸೀಲಿಯಾಕ್ ಥರ ವಿಲ್ಲೈ ಸವೆಯಲ್ಲ. ಎಷ್ಟು ತಡೆಯುತ್ತೋ ಅಷ್ಟು ತಿನ್ನಬಹುದು, ಕಾವಲಿ ಬೇರೆ ಬೇಕಿಲ್ಲ.

ವಿಜಯನಗರದ ಅಮ್ಮನವರಿಗೆ ಇನ್ನೆರಡು ಮಾತು. ಮೊದಲ ಕೆಲವು ವಾರ ಮಗಳಿಗೆ ಹಾಲು ಕುಡಿದರೆ ಭೇದಿ ಆಗಬಹುದು. ಸವೆದ ವಿಲ್ಲೈಗಳ ತುದಿಯಲ್ಲೇ ಹಾಲಿನ ಸಕ್ಕರೆ ಜೀರ್ಣಿಸೋ ಲ್ಯಾಕ್ಟೇಸ್ ಇರೋದು, ಅವು ಬೆಳೆದಂತೆ ಅದೂ ಮರಳುತ್ತೆ. ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಕೊಡಿ, ಹಾಲನ್ನ ಶಾಶ್ವತವಾಗಿ ಬಿಡಿಸಬೇಡಿ. ಟಿಟಿಜಿಯನ್ನ 6 ತಿಂಗಳಿಗೊಮ್ಮೆ, ನಾರ್ಮಲ್ ಆದ ಮೇಲೆ ವರ್ಷಕ್ಕೊಮ್ಮೆ ನೋಡ್ತಾರೆ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಥೈರಾಯ್ಡ್. ಟಿಟಿಜಿ ಪೂರ್ತಿ ಇಳಿಯೋಕೆ ವರ್ಷಕ್ಕಿಂತ ಹೆಚ್ಚು ಹಿಡಿಯೋದು ಸಾಮಾನ್ಯ, ಇಳಿಯುತ್ತಾ ಇರಬೇಕು ಅಷ್ಟೇ. ಎತ್ತರ, ತೂಕವನ್ನ ಮೂರು ತಿಂಗಳಿಗೊಮ್ಮೆ ಬರೆದಿಡಿ. ಮಗನ ಟಿಟಿಜಿ ಈಗ ನೆಗೆಟಿವ್ ಬಂದರೂ 2-3 ವರ್ಷಕ್ಕೊಮ್ಮೆ, ಅಥವಾ ಬೆಳವಣಿಗೆ ಕುಂಠಿತ ಆದರೆ, ರಕ್ತಹೀನತೆ ಕಂಡರೆ ತಕ್ಷಣ ಮತ್ತೆ ಮಾಡಿಸಿ. ಸೀಲಿಯಾಕ್‌ಗೆ ಸಂಬಂಧಿಸಿದ ಎಚ್‌ಎಲ್‌ಎ-ಡಿಕ್ಯೂ2, ಡಿಕ್ಯೂ8 ಅನ್ನೋ ಜೀನ್‌ಗಳ ಪರೀಕ್ಷೆಯಲ್ಲಿ ಎರಡೂ ಇಲ್ಲ ಅಂತ ಬಂದರೆ ಮಾತ್ರ ಈ ಮರುಪರೀಕ್ಷೆಗಳ ಅಗತ್ಯ ಬಹುಮಟ್ಟಿಗೆ ತಪ್ಪುತ್ತೆ. ಮನೆ ಪೂರ್ತಿ ಗೋಧಿ ತೆಗೆಯೋದಾದರೆ ಅವನ ಮತ್ತು ನಿಮ್ಮಿಬ್ಬರ ರಕ್ತ ಕೊಟ್ಟು, ವರದಿಯನ್ನ ಡಾಕ್ಟರ್‌ಗೆ ತೋರಿಸಿದ ಮೇಲೇ ತೆಗೀರಿ. ಯಾರದ್ದಾದರೂ ಪಾಸಿಟಿವ್ ಬಂದು ಬಯಾಪ್ಸಿ ಬೇಕು ಅಂದರೆ, ಅದು ಮುಗಿಯೋವರೆಗೂ ಅವರು ಗೋಧಿ ತಿನ್ನುತ್ತಲೇ ಇರಬೇಕು.