ಹಗಲಲ್ಲೂ ಉರಿಯುವ ಡಿಆರ್‌ಎಲ್: ತೆಗೆಸಲಾ, ಬಿಡಲಾ?

ಆಲ್ದೂರು ರೋಡ್:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಬೂದು ಬಣ್ಣ, ಪೆಟ್ರೋಲ್. ವಾರಕ್ಕೆ ನಾಲ್ಕು ದಿನ ಚಿಕ್ಕಮಗಳೂರಿನಿಂದ ಆಲ್ದೂರು ಮೇಲೆ ಬಾಳೆಹೊನ್ನೂರಿಗೆ ಹೋಗಿ ಬರುತ್ತೇನೆ.

ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಮುಂದೆ ಎರಡು ಬಿಳಿ ಲೈಟ್ ಹೊತ್ತಿಕೊಳ್ಳುತ್ತವೆ. ಇದೇ ಡಿಆರ್‌ಎಲ್, ಅಂದರೆ ಡೇಟೈಮ್ ರನ್ನಿಂಗ್ ಲೈಟ್, ಹಗಲಲ್ಲಿ ಗಾಡಿ ಎದ್ದು ಕಾಣಲು ಇರುವ ದೀಪ. ಆಫ್ ಮಾಡಲು ಸ್ವಿಚ್ ಇಲ್ಲ. ಎದುರು ಬರುವವರು ದಿನಾ ಕೈ ಹೊರಗೆ ಹಾಕಿ ಬೆರಳು ಮುಚ್ಚಿ ಬಿಚ್ಚಿ ತೋರಿಸುತ್ತಾರೆ. ನಿನ್ನೆ ಒಬ್ಬ ಹಿರಿಯರು ಸ್ಕೂಟರ್ ನಿಲ್ಲಿಸಿ, "ಲೈಟ್ ಉರೀತಾ ಇದೆ ನೋಡಪ್ಪಾ, ಬ್ಯಾಟರಿ ಇಳಿದು ಹೋಗುತ್ತೆ" ಅಂದರು. ಮನೆಯಲ್ಲಿ ಅಪ್ಪನಿಗೂ ಅದೇ ಚಿಂತೆ. ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿದೆ. ಒಂದು ವೈರ್ ಕಟ್ ಮಾಡಿದರೆ ಆಯ್ತು, ಹತ್ತು ನಿಮಿಷದ ಕೆಲಸ ಅಂದರು.

ಮಾಡಿಸಲಾ? ಬ್ಯಾಟರಿ, ಮೈಲೇಜ್ ನಿಜವಾಗಿಯೂ ಕಡಿಮೆ ಆಗುತ್ತಾ? ಈ ಲೈಟ್ ಇರಲೇಬೇಕು ಅಂತ ಕಾನೂನು ಇದೆಯಾ?

ಹಾಸನ ಆಟೋ ಎಲೆಕ್ಟ್ರಿಕಲ್:

ವೈರ್ ಕಟ್ ಮಾಡಿಸಬೇಡಿ ಸರ್. ನಾನು ಇದೇ ಕೆಲಸ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಬ್ಯಾಟರಿ ವಿಷಯ. ಹಳೆಯ ಹ್ಯಾಲೋಜನ್ ಹೆಡ್‌ಲೈಟ್ ಒಂದೊಂದು 55 ವ್ಯಾಟ್, ಎರಡೂ ಸೇರಿ 110. ನಿಮ್ಮದು ಎಲ್‌ಇಡಿ ಡಿಆರ್‌ಎಲ್ ಆಗಿದ್ದರೆ ಎರಡೂ ಸೇರಿ 15 ವ್ಯಾಟ್ ಆಸುಪಾಸು. 12 ವೋಲ್ಟ್‌ಗೆ ಲೆಕ್ಕ ಹಾಕಿದರೆ ಒಂದೂಕಾಲು ಆಂಪಿಯರ್. ಎಂಜಿನ್ ಓಡುವಾಗ ಆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಬ್ಯಾಟರಿ ಅಲ್ಲ. ಚಿಕ್ಕ ಕಾರಿನ ಆಲ್ಟರ್ನೇಟರ್ ಕೂಡ 70 ಆಂಪಿಯರ್ ಹತ್ತಿರ ಕೊಡುತ್ತದೆ, ಅದಕ್ಕೆ ಇದು ಭಾರವೇ ಅಲ್ಲ. ಮೈಲೇಜ್‌ನಲ್ಲೂ ನಿಮ್ಮ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರಲ್ಲ. ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದರೆ ಹೋಗುವ ಪೆಟ್ರೋಲೇ ಇದಕ್ಕಿಂತ ಜಾಸ್ತಿ. ಕೀ ತೆಗೆದರೆ ಲೈಟೂ ಆಫ್, ಹಾಗಾಗಿ ರಾತ್ರಿ ನಿಲ್ಲಿಸಿದಾಗ ಬ್ಯಾಟರಿ ಇಳಿಯುತ್ತದೆ ಅನ್ನುವ ಭಯವೂ ಬೇಡ.

ಇನ್ನು ವೈರ್. ಈಗಿನ ಕಾರಲ್ಲಿ ಲೈಟ್‌ಗಳನ್ನು ಕಂಟ್ರೋಲ್ ಮಾಡುವುದು ಸಾಮಾನ್ಯವಾಗಿ ಬಾಡಿ ಕಂಟ್ರೋಲ್ ಮಾಡ್ಯೂಲ್. ಒಂದು ಕಡೆ ಕಟ್ ಮಾಡಿದರೆ ಮೀಟರ್‌ನಲ್ಲಿ ವಾರ್ನಿಂಗ್ ಬರಬಹುದು. ಕೆಲವು ಗಾಡಿಗಳಲ್ಲಿ ಫ್ಯೂಸ್ ಕಿತ್ತರೆ ಅದೇ ಲೈನ್‌ನಲ್ಲಿರುವ ಬೇರೆ ಲೈಟೂ ಹೋಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬರುವ ಗಾಡಿಗಳಲ್ಲಿ ಇಂಥ ಜಾಯಿಂಟ್ ಎಷ್ಟೋ ಬಿಚ್ಚಿದ್ದೇನೆ. ಮೇಲೆ ಟೇಪ್ ಚೆನ್ನಾಗೇ ಸುತ್ತಿರುತ್ತಾರೆ. ಬಿಚ್ಚಿದರೆ ಒಳಗೆ ತಾಮ್ರ ಹಸಿರು ಪುಡಿ ಆಗಿರುತ್ತದೆ, ಬೆರಳಲ್ಲಿ ಹಿಡಿದರೆ ಎಳೆಗಳು ಮುರಿದು ಬೀಳುತ್ತವೆ. ಆಮೇಲೆ ಇಂಡಿಕೇಟರ್ ಒಂದು ದಿನ ಬರುತ್ತದೆ, ಒಂದು ದಿನ ಬರಲ್ಲ.

ನಮ್ಮಲ್ಲಿ ಕಾರಿಗೆ ಡಿಆರ್‌ಎಲ್ ಇರಲೇಬೇಕು ಅಂತ ನಿಯಮ ಇಲ್ಲ. ಯುರೋಪಿನಲ್ಲಿ 2011ರ ಫೆಬ್ರುವರಿಯಿಂದ ಹೊಸ ಮಾಡೆಲ್ ಕಾರುಗಳಿಗೆ ಕಡ್ಡಾಯ. ಒಂದೇ ಮಾಡೆಲ್ ಹಲವು ದೇಶಗಳಿಗೆ ಹೋಗುವುದರಿಂದ ನಮಗೂ ಅದು ಬಂದಿದೆ. ಆಫ್ ಮಾಡಲೇಬೇಕಾದರೆ ಮೊದಲು ಕಾರಿನ ಕೈಪಿಡಿ ನೋಡಿ, ಕೆಲವು ಗಾಡಿಗಳಲ್ಲಿ ಸ್ಕ್ರೀನ್‌ನ ಮೆನುವಿನಲ್ಲೇ ಆಯ್ಕೆ ಇರುತ್ತದೆ. ಆದರೆ ನಿಮ್ಮ ದಾರಿಗೆ ಅದು ಇರಲಿ ಅಂತಲೇ ನನ್ನ ಮಾತು.

ಸಿಲ್ವರ್ ಓಕ್:

ನಾನೂ ಆಲ್ದೂರು ಕಡೆಯವಳೇ. ದಯವಿಟ್ಟು ತೆಗೆಸಬೇಡಿ. ಆ ರಸ್ತೆಯಲ್ಲಿ ಎರಡೂ ಕಡೆ ತೋಟ, ಮೇಲೆ ಸಿಲ್ವರ್ ಮರದ ನೆರಳು. ಬೆಳಿಗ್ಗೆ ಒಂಬತ್ತು ಗಂಟೆಗೆ ಬಿಸಿಲು ತುಂಡು ತುಂಡಾಗಿ ರಸ್ತೆ ಮೇಲೆ ಬಿದ್ದಿರುತ್ತದೆ. ಬಿಸಿಲಿನಿಂದ ನೆರಳಿಗೆ ನುಗ್ಗಿದಾಗ ಒಂದು ಕ್ಷಣ ಕಣ್ಣು ಕತ್ತಲೆ. ಆ ಹೊತ್ತಿಗೆ ತಿರುವಿನಲ್ಲಿ ಬರುವ ಬೂದು ಕಾರು ರಸ್ತೆಯ ಜೊತೆಗೇ ಸೇರಿ ಹೋಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಪಿಕಪ್‌ಗಳು, ಜೀಪುಗಳು, ರಸ್ತೆ ಬದಿ ಸಾಲಾಗಿ ನಡೆಯುವ ಕೆಲಸದವರು ಎಲ್ಲರೂ ಇರುತ್ತಾರೆ. ನನಗೆ ಎಷ್ಟೋ ಸಲ ಮೊದಲು ಕಂಡದ್ದು ಆ ಎರಡು ಲೈಟ್, ಆಮೇಲೆ ಕಾರು. ಕೈ ತೋರಿಸುವವರಿಗೆ ನೀವೂ ಕೈ ಎತ್ತಿ ಹೋಗಿಬಿಡಿ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವ ಹಾಗೆ ಮಾಡಿದಾಗಲೂ ಹೀಗೇ ತೋರಿಸುತ್ತಿದ್ದರು. ಈಗ ಎಷ್ಟು ಜನ ತೋರಿಸುತ್ತಾರೆ?

ಬೈಕ್ ಸವಾರ, ಬೇಲೂರು:

ನನ್ನದು ಬೇರೆ ಮಾತು. ಬೈಕಿಗೆ ಹಗಲಲ್ಲಿ ಲೈಟ್ ಕೊಟ್ಟಿದ್ದೇ ನಾವು ಚಿಕ್ಕದಾಗಿ ಕಾಣುತ್ತೇವೆ, ಎದ್ದು ಕಾಣಲಿ ಅಂತ. ಎಲ್ಲ ಕಾರುಗಳಿಗೂ ಲೈಟ್ ಬಂದರೆ ಆ ಗುಂಪಿನಲ್ಲಿ ಬೈಕ್ ಮತ್ತೆ ಮರೆಯಾಗಲ್ವಾ? ಆಸ್ಟ್ರಿಯಾದಲ್ಲಿ 2005ರಲ್ಲಿ ಹಗಲೂ ಲೈಟ್ ಕಡ್ಡಾಯ ಮಾಡಿ, 2008ರ ಜನವರಿಯಲ್ಲಿ ವಾಪಸ್ ತೆಗೆದರು. ಅಲ್ಲೂ ಈ ವಾದ ಇತ್ತು.

ಅದಕ್ಕಿಂತ ದೊಡ್ಡ ಕಾಟ ಹೊರಗಿನಿಂದ ಹಾಕಿಸುವ ಎಲ್‌ಇಡಿ ಪಟ್ಟಿಗಳು. ನೀಲಿ ಬಿಳಿ, ಕೆಲವು ಮಿಣುಕುತ್ತವೆ. ಕಂಪನಿ ಡಿಆರ್‌ಎಲ್‌ಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಒಂದೊಂದಕ್ಕೆ 400ರಿಂದ 1200 ಕ್ಯಾಂಡೆಲಾ (ಬೆಳಕಿನ ತೀಕ್ಷ್ಣತೆಯ ಅಳತೆ) ಅಂತ ಮಿತಿ ಇದೆ. ಈ ಪಟ್ಟಿಗಳಿಗೆ ಯಾವ ಮಿತಿಯನ್ನೂ ಯಾರೂ ನೋಡಲ್ಲ. ಸಂಜೆ ಮಳೆಯಲ್ಲಿ ಹೆಲ್ಮೆಟ್ ಗಾಜಿನ ಮೇಲೆ ಹನಿ ಇರುವಾಗ ಅದು ಎದುರಿಗೆ ಬಂದರೆ ರಸ್ತೆಯ ಅಂಚೇ ಕಾಣಲ್ಲ. ಕಂಪನಿಯದು ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಪಟ್ಟಿ ಮಾತ್ರ ಹಾಕಿಸಬೇಡಿ.

ಕೊಟ್ಟಿಗೆಹಾರ:

ಎಲ್ಲರೂ ಮುಂದಿನ ಲೈಟ್ ಬಗ್ಗೆ ಹೇಳಿದಿರಿ. ನಾನು ಹಿಂದಿನದರ ಬಗ್ಗೆ ಹೇಳುತ್ತೇನೆ, ಏಕೆಂದರೆ ಆ ದಿನ ನನ್ನ ಪಕ್ಕದಲ್ಲಿ ಮಗಳು ಕೂತಿದ್ದಳು.

ಹೋದ ಜುಲೈ, ಬೆಳಿಗ್ಗೆ ಹತ್ತೂವರೆ. ಉಜಿರೆಗೆ ಹೋಗಲು ಚಾರ್ಮಾಡಿ ಇಳಿಯುತ್ತಿದ್ದೆವು. ಮಂಜು ಎಷ್ಟಿತ್ತು ಅಂದರೆ ಬಾನೆಟ್ ಆಚೆ ರಸ್ತೆಯ ಬಿಳಿ ಗೆರೆ ಎರಡು ತುಂಡು ಕಾಣುತ್ತಿತ್ತು, ಅಷ್ಟೇ. ನಾನು ಇಪ್ಪತ್ತರಲ್ಲಿ ಹೋಗುತ್ತಿದ್ದೆ. ವೈಪರ್ ಒಂದು ಸಲ ಒರೆಸಿತು, ಏನೂ ಇಲ್ಲ. ಇನ್ನೊಂದು ಸಲ ಒರೆಸಿತು, ಎದುರಿಗೇ ಒಂದು ಕಾರಿನ ಹಿಂಭಾಗ, ನಂಬರ್ ಪ್ಲೇಟ್ ಓದುವಷ್ಟು ಹತ್ತಿರ. ಹಿಂದೆ ಒಂದು ಚೂರೂ ಕೆಂಪು ಬೆಳಕು ಇಲ್ಲ. ಬ್ರೇಕ್ ಒತ್ತಿದೆ, ಗಾಡಿ ಸ್ವಲ್ಪ ಜಾರಿ ನಿಂತಿತು. ಮಗಳು ಡ್ಯಾಶ್‌ಬೋರ್ಡ್ ಹಿಡಿದುಕೊಂಡ ಕೈ ಬಿಡಲೇ ಇಲ್ಲ. ಕೆಳಗೆ ಇಳಿದ ಮೇಲೆ ಆ ಕಾರಿನವರನ್ನು ಮಾತಾಡಿಸಿದೆ. ಒಳ್ಳೆಯ ಮನುಷ್ಯ, ಗಾಬರಿಯಾದರು. "ಲೈಟ್ ಉರೀತಾನೇ ಇತ್ತಲ್ಲ ಸಾರ್" ಅಂದರು. ಉರಿಯುತ್ತಿತ್ತು ನಿಜ, ಮುಂದೆ ಡಿಆರ್‌ಎಲ್.

ಹೆಚ್ಚಿನ ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಹಿಂದಿನ ಲೈಟ್ ಉರಿಯಲ್ಲ. ಒಳಗೆ ಮೀಟರ್ ಬೆಳಗುತ್ತಿರುತ್ತದೆ, ಮುಂದೆ ಮಂಜಿನ ಮೇಲೆ ಬೆಳಕು ಬಿದ್ದಿರುತ್ತದೆ, ಡ್ರೈವರ್‌ಗೆ ಹೆಡ್‌ಲೈಟ್ ಹಾಕಿದ್ದೇನೆ ಅನಿಸುತ್ತದೆ. 1989ರ ಡಿಸೆಂಬರ್‌ನಿಂದಲೇ ಹೊಸ ಗಾಡಿಗಳಿಗೆ ಡಿಆರ್‌ಎಲ್ ಕಡ್ಡಾಯ ಮಾಡಿದ ಕೆನಡಾದಲ್ಲೂ ಇದೇ ಸಮಸ್ಯೆ ಬಂತು. ಅಲ್ಲಿ 2021ರ ಸೆಪ್ಟೆಂಬರ್‌ನಿಂದ ಹೊಸ ಗಾಡಿಗಳಿಗೆ ಮತ್ತೊಂದು ನಿಯಮ ಮಾಡಿದರು: ಡಿಆರ್‌ಎಲ್ ಜೊತೆ ಹಿಂದಿನ ಲೈಟೂ ಉರಿಯಬೇಕು, ಇಲ್ಲವೇ ಕತ್ತಲಾದರೆ ಎಲ್ಲ ಲೈಟ್ ತಾನೇ ಹತ್ತಬೇಕು, ಇಲ್ಲವೇ ಮೀಟರ್ ಕಪ್ಪಾಗಿಯೇ ಇದ್ದು ಡ್ರೈವರ್‌ಗೆ ನೆನಪಾಗಬೇಕು.

ಆಟೋ ಲೈಟ್ ಇದೆ ಅಂತ ನಂಬಿಕೊಂಡೂ ಹೋಗಬೇಡಿ. ಅದು ನೋಡುವುದು ಬೆಳಕು ಎಷ್ಟಿದೆ ಅಂತ. ಹಗಲಿನ ಮಂಜು ಬೆಳ್ಳಗೇ ಇರುತ್ತದೆ, ಸೆನ್ಸರ್‌ಗೆ ಅದು ಹಗಲೇ. ಮಂಜು ಕಂಡ ಕೂಡಲೇ ನಿಮ್ಮ ಕೈಯಿಂದಲೇ ಲೋ ಬೀಮ್ ಹಾಕಿ, ಹಿಂದಿನ ಕೆಂಪು ಲೈಟ್ ಅದರ ಜೊತೆ ಬರುತ್ತದೆ. ಹೈ ಬೀಮ್ ಬೇಡ, ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕುವುದೂ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ.

ಆಲ್ದೂರು ರೋಡ್:

ಎಲ್ಲರಿಗೂ ಧನ್ಯವಾದ. ವೈರ್ ಕಟ್ ಮಾಡಿಸುವುದಿಲ್ಲ, ಅಪ್ಪನಿಗೂ ಆ 15 ವ್ಯಾಟ್ ಲೆಕ್ಕ ಹೇಳಿದೆ.

ಕೊಟ್ಟಿಗೆಹಾರದವರ ಮಾತು ಓದಿ ಈಗಷ್ಟೇ ಹೊರಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿ ಹಿಂದೆ ಹೋಗಿ ನೋಡಿದೆ. ಮುಂದೆ ಜಗ್ ಅಂತ ಉರಿಯುತ್ತಿದೆ, ಹಿಂದೆ ಪೂರ್ತಿ ಕತ್ತಲೆ. ಸ್ವಿಚ್ ಮೊದಲ ಸುತ್ತು ತಿರುಗಿಸಿದ ಮೇಲೆ ಹಿಂದಿನದು ಬಂತು, ಅದೂ ಎಡಗಡೆಯದು ಮಾತ್ರ. ಬಲಗಡೆ ಬಲ್ಬ್ ಹೋಗಿದೆ. ಒಂದು ತಿಂಗಳಿಂದ ಹೀಗೇ ಓಡಿಸಿದ್ದೇನೆ. ನಾಳೆ ಬೆಳಿಗ್ಗೆ ಮೊದಲು ಅದನ್ನೇ ಹಾಕಿಸುತ್ತೇನೆ.